ಮತಗಟ್ಟೆಯ ದೂರ, ಮಾಲೀಕರ ಲೆಕ್ಕ

2024ರ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ ಎರಡು ಹಂತಗಳಲ್ಲಿ ಮತ ಹಾಕಿತು. ಬೆಂಗಳೂರು, ಮಂಡ್ಯ, ಮೈಸೂರು, ಹಾಸನ, ದಕ್ಷಿಣ ಕನ್ನಡದ ಕಡೆಯ ಹದಿನಾಲ್ಕು ಕ್ಷೇತ್ರಗಳಿಗೆ ಏಪ್ರಿಲ್ 26. ರಾಯಚೂರು, ಕಲಬುರಗಿ, ಕೊಪ್ಪಳ, ವಿಜಯಪುರದ ಕಡೆಯ ಹದಿನಾಲ್ಕಕ್ಕೆ ಮೇ 7. ಬೆಂಗಳೂರಿನ ಕಂಪನಿಗಳು, ಕಾರ್ಖಾನೆಗಳು ಏಪ್ರಿಲ್ 26ರ ಶುಕ್ರವಾರ ರಜೆ ಕೊಟ್ಟವು. ಮೇ 7 ಅವುಗಳ ಪಾಲಿಗೆ ಎಂದಿನಂಥದೇ ಒಂದು ಮಂಗಳವಾರ. ಆದರೆ ಈ ನಗರದ ಕಟ್ಟಡಗಳಿಗೆ ಕಬ್ಬಿಣ ಕಟ್ಟುವವರು, ಗೇಟು ಕಾಯುವವರು, ಹೋಟೆಲಿನ ಅಡುಗೆಮನೆಗಳಲ್ಲಿ ದುಡಿಯುವವರಲ್ಲಿ ಬಹಳ ಮಂದಿಯ ಹೆಸರಿದ್ದದ್ದು ಮೇ 7ರಂದು ಮತ ಹಾಕಬೇಕಾದ ಊರುಗಳ ಪಟ್ಟಿಯಲ್ಲಿ. ಅವರಿಗೆ ಸಿಕ್ಕಿದ್ದು ಬೇರೆಯವರ ಮತದಾನದ ರಜೆ. ತಮ್ಮ ಊರಿನ ಮತದಾನದ ದಿನ ಅವರ ಮುಂದೆ ಇದ್ದದ್ದು ಎರಡೇ ದಾರಿ: ಕೆಲಸದ ಮೇಲೆ ನಿಲ್ಲುವುದು, ಇಲ್ಲವೇ ಕೂಲಿ ಬಿಟ್ಟು ರಾತ್ರಿ ಬಸ್ಸು ಹತ್ತುವುದು. ಉದ್ಯೋಗದಾತರು ತಮ್ಮ ಕೆಲಸಗಾರರನ್ನು ಮತದಾನಕ್ಕೆ ಹೇಗೆ ಹುರಿದುಂಬಿಸಬಹುದು ಎಂಬ ಚರ್ಚೆಯನ್ನು ಇಲ್ಲಿಂದ ಶುರುಮಾಡುವುದು ಮೇಲು. ಚುನಾವಣೆ ಬಂದಾಗಲೆಲ್ಲ ಕೇಳಿಬರುವ ‘ಜಾಗೃತಿ’ಯ ಮಾತು ಈ ಜಾಗವನ್ನು ಮುಟ್ಟುವುದೇ ಇಲ್ಲ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಗೆ 1996ರಲ್ಲಿ ಸೇರಿದ 135ಬಿ ಸೆಕ್ಷನ್ ಪ್ರಕಾರ, ಯಾವುದೇ ವ್ಯಾಪಾರ, ಉದ್ದಿಮೆ ಅಥವಾ ಸಂಸ್ಥೆಯಲ್ಲಿ ಕೆಲಸ ಮಾಡುವ, ಲೋಕಸಭೆ ಅಥವಾ ವಿಧಾನಸಭೆ ಚುನಾವಣೆಯಲ್ಲಿ ಮತ ಹಾಕಲು ಅರ್ಹತೆಯುಳ್ಳ ಪ್ರತಿಯೊಬ್ಬರಿಗೂ ಮತದಾನದ ದಿನ ರಜೆ ಕೊಡಬೇಕು. ಆ ದಿನದ ಸಂಬಳ ಕಡಿಯುವಂತಿಲ್ಲ. ರಜೆಯ ದಿನ ಸಂಬಳವಿಲ್ಲ ಎಂಬ ಕರಾರಿನ ಮೇಲೆ ದುಡಿಯುವವರಿಗೂ ಅಂದಿನ ಕೂಲಿ ಸಲ್ಲಬೇಕು. ದಿನಗೂಲಿಯವರೂ ಇದರೊಳಗೆ ಬರುತ್ತಾರೆ, ಕೆಲಸ ಒಂದೂರಲ್ಲಿ ವೋಟು ಇನ್ನೊಂದೂರಲ್ಲಿ ಇರುವವರೂ ಬರುತ್ತಾರೆ ಎಂದು ಚುನಾವಣಾ ಆಯೋಗ ಮತ್ತೆ ಮತ್ತೆ ಹೇಳಿದೆ. ಅಂದರೆ ರಜೆ ಮತದಾರನ ಹಿಂದೆ ಹೋಗಬೇಕು, ಕಾರ್ಖಾನೆಯ ವಿಳಾಸದ ಹಿಂದೆ ಅಲ್ಲ. ಹಾಗಿದ್ದೂ ಮೇ 7ರಂಥ ದಿನ ಈ ಸೆಕ್ಷನ್ ಕಾಗದದ ಮೇಲೆಯೇ ಉಳಿಯುವುದಕ್ಕೆ ಒಂದು ಕಾರಣವನ್ನು ಅದರ ಕೊನೆಯ ಸಾಲುಗಳಲ್ಲೇ ಕಾಣಬಹುದು. ರಜೆ ಕೊಡದ ಮಾಲೀಕರಿಗೆ ಗರಿಷ್ಠ ದಂಡ 500 ರೂಪಾಯಿ. ಹತ್ತು ಜನರನ್ನು ಒಂದು ದಿನ ದುಡಿಸಿಕೊಂಡರೆ ಬರುವ ಲಾಭದ ಮುಂದೆ ಅದೊಂದು ದಂಡವೇ ಅಲ್ಲ.

ಹಾಗೆಂದು ದಂಡ ಹೆಚ್ಚಿಸಿ ಎಲ್ಲರಿಗೂ ಕಡ್ಡಾಯವಾಗಿ ರಜೆ ಕೊಡಿಸಿಬಿಟ್ಟರೆ ಮತದಾನ ಏರುತ್ತದೆಯೇ? ಬೆಂಗಳೂರಿನ ಅಂಕಿಗಳು ಹಾಗೆ ಹೇಳುವುದಿಲ್ಲ. 2019ರ ಲೋಕಸಭಾ ಚುನಾವಣೆಗೆ ಇಲ್ಲಿ ಮತದಾನವಾದದ್ದು ಏಪ್ರಿಲ್ 18ರ ಗುರುವಾರ. ಮರುದಿನ ಗುಡ್ ಫ್ರೈಡೇ, ಅದರಾಚೆ ಶನಿವಾರ, ಭಾನುವಾರ. ಜನ ರಜೆಗೆ ರಜೆ ಸೇರಿಸಿಕೊಂಡು ಕೂರ್ಗಿಗೋ ಗೋವಾಕ್ಕೋ ಹೊರಟುಹೋದರು ಎಂದು ಆಗ ಎಲ್ಲರೂ ಬೈದರು. 2023ರ ವಿಧಾನಸಭಾ ಚುನಾವಣೆಯನ್ನು ಆಯೋಗ ಬೇಕೆಂದೇ ಬುಧವಾರ, ಮೇ 10ಕ್ಕೆ ಇಟ್ಟಿತು. ವಾರದ ನಟ್ಟನಡುವೆ ಇದ್ದರೆ ಪ್ರವಾಸ ಹೊರಡುವುದು ಕಷ್ಟ ಎಂಬುದೇ ಅದರ ಹಿಂದಿನ ಎಣಿಕೆಯಾಗಿತ್ತು. 2024ರಲ್ಲಿ ಮತ್ತೆ ಶುಕ್ರವಾರ ಬಂತು. ಮೂರು ಸಲವೂ ನಗರದ ಮತದಾನ ಶೇ. 54ರ ಆಸುಪಾಸಿನಲ್ಲೇ ನಿಂತಿತು. 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಅದು ಶೇ. 53ರ ಹತ್ತಿರವಿದ್ದಾಗ ಅದೇ ದಿನ ಮಂಡ್ಯದಲ್ಲಿ ಶೇ. 81 ದಾಟಿತ್ತು. ಲೋಕಸಭೆ, ವಿಧಾನಸಭೆಗಳ ಚುನಾವಣೆಯ ಬಿಸಿ ಒಂದೇ ಅಲ್ಲ, ಹಾಗಾಗಿ ಈ ಹೋಲಿಕೆಯನ್ನು ಬಹಳ ಜಗ್ಗಬಾರದು. ಆದರೂ ವಾರ ಬದಲಾದರೂ ಅಂಕಿ ಕದಲುವುದಿಲ್ಲವೆಂದರೆ ರಜೆಯ ಮೋಜೇ ಮುಖ್ಯ ಕಾರಣ ಎಂಬ ವಿವರಣೆಗೆ ಬಲ ಸಾಲದು. ಬೆರಳಿನ ಮಸಿ ತೋರಿಸಿದವರಿಗೆ ದೋಸೆ, ಕಾಫಿ, ರಿಯಾಯಿತಿ ಎಂದು ಹೋಟೆಲಿನವರು ಮಾಡುವ ಉಪಚಾರ ಚೆನ್ನಾಗಿಯೇ ಇದೆ. ಅದನ್ನು ತಿನ್ನುವವರು ಹೇಗೂ ಮತ ಹಾಕಲು ಹೊರಟಿದ್ದವರು ಎಂಬುದು ನನ್ನ ಅನುಮಾನ.

ಅಂಕಿ ಕದಲದಿರುವುದಕ್ಕೆ ಕಾರಣವನ್ನು ಮತದಾನದ ದಿನಕ್ಕಿಂತ ತಿಂಗಳುಗಟ್ಟಲೆ ಹಿಂದೆ ಹುಡುಕಬೇಕು. ಬೆಂಗಳೂರಿನಂಥ ಊರಿನಲ್ಲಿ ಬಾಡಿಗೆಯವರು ವರ್ಷಕ್ಕೋ ಎರಡು ವರ್ಷಕ್ಕೋ ಮನೆ ಬದಲಿಸುತ್ತಾರೆ. ಜಯನಗರದಿಂದ ವೈಟ್‌ಫೀಲ್ಡಿಗೆ ಹೋದವರ ಹೆಸರು ಜಯನಗರದಲ್ಲೇ ಉಳಿಯುತ್ತದೆ. ಊರೇ ಬಿಟ್ಟವರ ಹೆಸರೂ ಉಳಿಯುತ್ತದೆ. ಇತ್ತ, ಐದಾರು ವರ್ಷದಿಂದ ಇಲ್ಲೇ ಇದ್ದು ಇಲ್ಲಿನ ಗುಂಡಿಬಿದ್ದ ರಸ್ತೆಯಲ್ಲೇ ಓಡಾಡುವವರ ಹೆಸರು ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಇರುತ್ತದೆ. ಪಟ್ಟಿಯೇ ಹೀಗಿದ್ದಾಗ ಶೇಕಡಾವಾರು ಲೆಕ್ಕ ಎರಡು ಕಡೆಯಿಂದ ಕೆಡುತ್ತದೆ: ಇಲ್ಲದವರು ಮತ ಹಾಕದವರಾಗಿ ಎಣಿಕೆಗೆ ಸಿಗುತ್ತಾರೆ, ಇರುವವರು ಎಣಿಕೆಗೇ ಸಿಗುವುದಿಲ್ಲ. ಇದು ಸರಿಹೋಗಬೇಕಾದರೆ ಹೊಸಬರು ನಮೂನೆ 6 ತುಂಬಬೇಕು, ಮನೆ ಬದಲಿಸಿದವರು ನಮೂನೆ 8 ತುಂಬಬೇಕು. 2022ರಿಂದ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೆಂಟು ತುಂಬಿದವರು ಮುಂದಿನ ಜನವರಿವರೆಗೆ ಕಾಯಬೇಕಿಲ್ಲ, ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಇವೆಲ್ಲ ಎಷ್ಟು ಕೆಲಸಗಾರರಿಗೆ ಗೊತ್ತು? ಗೊತ್ತಿದ್ದರೂ ಮನೆ ಬಾಗಿಲಿಗೆ ಬರುವ ಬೂತ್ ಮಟ್ಟದ ಅಧಿಕಾರಿ ಬರುವುದು ಹಗಲು ಹೊತ್ತಿನಲ್ಲಿ, ಕೆಲಸಗಾರ ಮನೆಯಲ್ಲಿ ಇಲ್ಲದಾಗ.

ಉದ್ಯೋಗದಾತರ ಕೈಯಲ್ಲಿ ನಿಜವಾದ ಶಕ್ತಿ ಇರುವುದು ಇಲ್ಲಿ. ಪಟ್ಟಿಗೆ ಸೇರುವಾಗ ಎಲ್ಲರೂ ಎಡವುವುದು ವಿಳಾಸದ ದಾಖಲೆಯಲ್ಲಿ. ಪಿ.ಜಿ.ಯಲ್ಲಿ ಇರುವ ಹುಡುಗನ ಹೆಸರಿನಲ್ಲಿ ಕರೆಂಟ್ ಬಿಲ್ ಇರುವುದಿಲ್ಲ. ನೋಂದಣಿಯಾದ ಬಾಡಿಗೆ ಕರಾರು ಎಂಬುದು ಸಣ್ಣ ಮನೆಗಳ ಬಾಡಿಗೆದಾರರು ಕಂಡೇ ಇಲ್ಲದ ವಸ್ತು. ಆಧಾರ್ ಕಾರ್ಡಿನಲ್ಲಿ ಊರಿನ ವಿಳಾಸ. ಆದರೆ ಆಯೋಗ ಒಪ್ಪುವ ದಾಖಲೆಗಳಲ್ಲಿ ಚಾಲ್ತಿಯಲ್ಲಿರುವ ಬ್ಯಾಂಕ್ ಪಾಸ್‌ಬುಕ್ಕೂ ಒಂದು. ಸಂಬಳದ ಖಾತೆ ತೆರೆಸುವುದು ಸಾಮಾನ್ಯವಾಗಿ ಕಂಪನಿಯೇ, ಬ್ಯಾಂಕಿನವರು ಬಂದು ಕೂರುವುದು ಕಂಪನಿಯ ಆವರಣದಲ್ಲೇ. ಕೆಲಸಕ್ಕೆ ಸೇರಿದ ದಿನವೇ ಈಗಿನ ವಾಸದ ವಿಳಾಸ ಖಾತೆಗೆ ಸೇರುವಂತೆ ಎಚ್‌ಆರ್ ವಿಭಾಗ ನೋಡಿಕೊಂಡರೆ, ಮತದಾರರ ಪಟ್ಟಿಯ ಮುಕ್ಕಾಲು ತೊಡಕು ಅಲ್ಲೇ ಬಗೆಹರಿಯುತ್ತದೆ. ಇದಕ್ಕೆ ಕಂಪನಿ ಖರ್ಚು ಮಾಡಬೇಕಾದದ್ದು ಏನೂ ಇಲ್ಲ. ವರ್ಷದಲ್ಲಿ ನಾಲ್ಕು ಸಲ, ಅರ್ಹತಾ ದಿನಾಂಕಗಳ ಹಿಂದುಮುಂದೆ, ಕೆಲಸದ ಹೊತ್ತಿನಲ್ಲೇ ಒಂದು ಗಂಟೆ ಬಿಟ್ಟುಕೊಟ್ಟು ಸ್ಥಳೀಯ ಚುನಾವಣಾ ನೋಂದಣಿ ಕಚೇರಿಯವರನ್ನು ಕರೆಸಿದರೆ ಉಳಿದದ್ದು ಅವರ ಕೆಲಸ. ಆಯೋಗ ಇನ್ನೊಂದು ಹೆಜ್ಜೆ ಇಡಬಹುದು. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ ಅಲ್ಲಿಯೇ ಮತದಾರನಾಗಬೇಕೆಂದರೆ ಕಾಲೇಜಿನ ಮುಖ್ಯಸ್ಥರು ಕೊಡುವ ದೃಢೀಕರಣಕ್ಕೆ ಬೆಲೆ ಇದೆ. ಗಾರ್ಮೆಂಟ್ಸ್ ಕಾರ್ಖಾನೆಗಳ ಹಾಸ್ಟೆಲುಗಳಲ್ಲಿ ಒಡಿಶಾ, ಜಾರ್ಖಂಡ್ ಕಡೆಯ ಹೆಣ್ಣುಮಕ್ಕಳು ವರ್ಷಗಟ್ಟಲೆ ಇರುತ್ತಾರೆ. ಕಾಲೇಜಿನ ಮುಖ್ಯಸ್ಥರ ಪತ್ರಕ್ಕೆ ಇರುವ ಬೆಲೆ ಕಾರ್ಖಾನೆಯ ಮುಖ್ಯಸ್ಥರ ಪತ್ರಕ್ಕೆ ಏಕಿರಬಾರದು?

ಎಲ್ಲರೂ ತಮ್ಮ ಮತವನ್ನು ನಗರಕ್ಕೆ ವರ್ಗಾಯಿಸಿಕೊಳ್ಳಬೇಕು ಎಂದು ಮಾತ್ರ ಇದರರ್ಥವಲ್ಲ. ಗುಳೆ ಬಂದವರು ಮುಂಗಾರು ಹಿಡಿದ ಮೇಲೆ ಊರಿಗೆ ಮರಳುತ್ತಾರೆ. ಅವರ ಹೊಲ, ಪಡಿತರ ಚೀಟಿ, ಪಂಚಾಯಿತಿ ಎಲ್ಲವೂ ಅಲ್ಲೇ. ಊರಿನ ಪಟ್ಟಿಯಿಂದ ಹೆಸರು ಹೋದರೆ ಊರಿನೊಂದಿಗಿನ ಹಿಡಿತವೇ ಸಡಿಲವಾಗುತ್ತದೆ ಎಂಬ ಅವರ ಅಂಜಿಕೆಯನ್ನು ನಗರದಲ್ಲಿ ಕುಳಿತು ತಪ್ಪೆನ್ನಲಾಗದು. ಮತ ಎಲ್ಲಿರಬೇಕು ಎಂಬ ತೀರ್ಮಾನ ಅವರದು. ಊರಲ್ಲೇ ಇರಲಿ ಎನ್ನುವವರಿಗೆ ಬೇಕಾದದ್ದು ಒಂದು ದಿನದ ರಜೆಯಲ್ಲ. ಬೆಂಗಳೂರಿನಿಂದ ರಾಯಚೂರಿಗೆ ನಾನೂರು ಕಿಲೋಮೀಟರಿಗೂ ಹೆಚ್ಚು; ಅಲ್ಲಿಂದ ಹಳ್ಳಿಗೆ ಇನ್ನೊಂದು ಬಸ್ಸು. ಹೋಗಲು ಒಂದು ರಾತ್ರಿ, ಬರಲು ಒಂದು ರಾತ್ರಿ. ಮರುದಿನ ಬೆಳಿಗ್ಗೆ ನೇರವಾಗಿ ಸೈಟಿಗೆ ಬಂದು ಕಬ್ಬಿಣ ಎತ್ತು ಎಂದರೆ ಯಾರ ಮೈಗೂ ಆಗುವುದಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರ ಬಸ್ ಖರ್ಚು ಉಳಿದಿದೆ ನಿಜ, ದಾರಿಯ ಹೊತ್ತು ಉಳಿದಿಲ್ಲ. 2024ರಲ್ಲಿ ಎರಡನೇ ಹಂತದ ಕ್ಷೇತ್ರಗಳಲ್ಲಿ ಮತದಾನ ಕಡಿಮೆ ಇದ್ದ ಸಾಲಿಗೆ ಕಲಬುರಗಿ, ರಾಯಚೂರುಗಳೂ ಸೇರಿದವು. ಗುಳೆ ಹೋಗುವವರು ಹೆಚ್ಚಿರುವ ಸೀಮೆ ಅದು, ಮೇ ತಿಂಗಳು ಗುಳೆಯ ಹಂಗಾಮು. ಇವೆರಡರ ನಡುವೆ ಸಂಬಂಧವಿದೆ ಎಂದು ನಾನು ಊಹಿಸುತ್ತೇನೆ. ಬೇರೆ ಕಾರಣಗಳೂ ಇರಬಹುದು, ಆದರೆ ಬಾಗಿಲಿಗೆ ಬೀಗ ಹಾಕಿಕೊಂಡು ಹೋದ ಮನೆಯವರು ಮತ ಹಾಕುವುದು ಹೇಗೆ? ಇದ್ದ ಜಾಗದಿಂದಲೇ ತಮ್ಮ ಕ್ಷೇತ್ರಕ್ಕೆ ಮತ ಹಾಕುವ ಯಂತ್ರದ ಮಾದರಿಯನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ಪಕ್ಷಗಳ ವಿರೋಧದಿಂದ ಅದು ಅಲ್ಲಿಗೇ ನಿಂತಿತು. ಅದು ಬರುವವರೆಗೂ ಈ ದೂರ ಕಡಿಮೆ ಮಾಡುವ ಶಕ್ತಿ ಇರುವುದು ಮೇಸ್ತ್ರಿಗೆ, ಕಂಟ್ರಾಕ್ಟರಿಗೆ, ಅವರಿಗೆ ಕೆಲಸ ಕೊಟ್ಟ ಬಿಲ್ಡರಿಗೆ. ಮತದಾನದ ದಿನದ ಕೂಲಿಯ ಜೊತೆಗೆ ಇನ್ನೊಂದು ದಿನದ ಕೂಲಿ, ವಾರದ ಬಟವಾಡೆಯನ್ನು ಎರಡು ದಿನ ಮೊದಲೇ ಕೊಡುವುದು, ಮರಳಿ ಬಂದಾಗ ಕೆಲಸ ಇದ್ದೇ ಇರುತ್ತದೆ ಎಂಬ ಮಾತು. ಕೊನೆಯದು ಎಲ್ಲಕ್ಕಿಂತ ಮುಖ್ಯ.

ಇಷ್ಟಕ್ಕೆಲ್ಲ ಕಂಪನಿಗಳು ಒಪ್ಪಲಿಕ್ಕಿಲ್ಲ, ಒಪ್ಪದಿರಲು ಅವುಗಳಿಗೆ ಕಾರಣಗಳೂ ಉಂಟು. ಮೊದಲನೆಯದು ಖರ್ಚು. ರಫ್ತಿನ ಆರ್ಡರಿನ ಗಡುವು ತಲೆಯ ಮೇಲಿರುವ ಗಾರ್ಮೆಂಟ್ಸ್ ಕಾರ್ಖಾನೆಗೆ ಒಂದು ದಿನದ ಟಾರ್ಗೆಟ್ ತಪ್ಪುವುದು ಸಣ್ಣ ಸಂಗತಿಯಲ್ಲ. ಆದರೆ ಲೋಕಸಭೆ, ವಿಧಾನಸಭೆ ಎರಡನ್ನೂ ಸೇರಿಸಿದರೂ ಐದು ವರ್ಷದಲ್ಲಿ ಇದು ಬರುವುದು ಸಾಮಾನ್ಯವಾಗಿ ಎರಡು ಸಲ, ಅದೂ ವಾರಗಳ ಮೊದಲೇ ತಿಳಿದಿರುತ್ತದೆ. ದಿಢೀರನೆ ಬರುವ ಬಂದ್‌ಗಳನ್ನು ತಾಳಿಕೊಳ್ಳುವ ಉದ್ದಿಮೆ ಇದನ್ನು ತಾಳಿಕೊಳ್ಳದೆ ಇರದು. ಚುನಾವಣೆ ಎಂದರೆ ತಮಗೆ ಸಂಬಂಧವಿಲ್ಲದ ವಿಷಯ ಎಂದು ದೊಡ್ಡ ಕಂಪನಿಗಳು ಹೇಳುವಂತೆಯೂ ಇಲ್ಲ. ಸುಪ್ರೀಂ ಕೋರ್ಟ್ 2024ರ ಫೆಬ್ರವರಿಯಲ್ಲಿ ಚುನಾವಣಾ ಬಾಂಡ್‌ಗಳನ್ನು ರದ್ದುಮಾಡಿದ ಮೇಲೆ ಹೊರಬಂದ, ಪಕ್ಷಗಳಿಗೆ ದೇಣಿಗೆ ಕೊಟ್ಟ ಕಂಪನಿಗಳ ಪಟ್ಟಿಯನ್ನು ನಾವೆಲ್ಲ ನೋಡಿದ್ದೇವೆ. ಹಾಗೆಯೇ, ರಜೆ ಕೊಟ್ಟು ಮುಂದಿನ ಭಾನುವಾರ ಅದಕ್ಕೆ ಬದಲಿಯಾಗಿ ದುಡಿಸಿಕೊಂಡರೆ ಅದನ್ನು ಸಂಬಳಸಹಿತ ರಜೆ ಎನ್ನುವುದು ಮಾತಿನ ಚಮತ್ಕಾರ. ಅಲ್ಲಿ ರಜೆಯ ಬೆಲೆ ತೆತ್ತವರು ಕೆಲಸಗಾರರೇ.

ಎರಡನೆಯ ಆಕ್ಷೇಪ ಇನ್ನಷ್ಟು ಗಂಭೀರವಾದದ್ದು, ಅದಕ್ಕೆ ಸುಲಭದ ಉತ್ತರವಿಲ್ಲ. ಅನ್ನ ಕೊಡುವವನು ಮತದಾನದ ಮಾತೆತ್ತಿದರೆ ಅದು ಸಲಹೆಯಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ. ಎಸ್ಟೇಟಿನ ಲೈನ್ ಮನೆಗಳಿಂದ ಆಳುಗಳನ್ನು ಜೀಪಿನಲ್ಲಿ ತುಂಬಿಕೊಂಡು ಬಂದು ಮತಗಟ್ಟೆಯ ಮುಂದೆ ಇಳಿಸುವ ಧಣಿಯ ಚಿತ್ರ ನಮಗೆ ಹೊಸದಲ್ಲ. ಅಭ್ಯರ್ಥಿಯ ಕಡೆಯವರು ಮತದಾರರಿಗೆ ಉಚಿತ ವಾಹನ ಒದಗಿಸುವುದನ್ನು ಕಾಯ್ದೆ ಭ್ರಷ್ಟ ನಡವಳಿಕೆ ಎಂದು ಕರೆದಿರುವುದು ಸುಮ್ಮನೆ ಅಲ್ಲ. ಕಂಪನಿಯ ಮಾಲೀಕರೇ ಒಂದು ಪಕ್ಷದ ಬೆಂಬಲಿಗರಾಗಿದ್ದರೆ ಕಂಪನಿ ಬಸ್ಸಿಗೂ ಆ ಜೀಪಿಗೂ ವ್ಯತ್ಯಾಸ ಕಾಣುವುದು ಕಷ್ಟ. ಅದಕ್ಕೇ ನಾನು ಹೇಳುವುದು, ಕಂಪನಿ ವಾಹನ ಕೊಡುವುದಕ್ಕಿಂತ ರಜೆಯನ್ನೂ ಬಸ್ ಚಾರ್ಜನ್ನೂ ಕೊಟ್ಟು ದೂರ ನಿಲ್ಲುವುದು ಲೇಸು. ನೋಟಿಸ್ ಬೋರ್ಡಿನಲ್ಲಿ ದಿನಾಂಕ, ಸಮಯ, ನಮೂನೆಗಳ ವಿವರ ಇರಲಿ. ಪಕ್ಷ, ಅಭ್ಯರ್ಥಿ, ‘ಅಭಿವೃದ್ಧಿಗೆ ಮತ’ ಎಂಬಂಥ ಜಾಣ ಘೋಷಣೆ ಯಾವುದೂ ಬೇಡ. ಮತದಾರರ ಚೀಟಿಯ ನಂಬರುಗಳನ್ನು ಕಂಪನಿ ಕೂಡಿಡಲೂ ಬಾರದು. 2022ರಲ್ಲಿ ಮತದಾರರ ಜಾಗೃತಿಗೆಂದು ಪಾಲಿಕೆಯಿಂದ ಅನುಮತಿ ಪಡೆದ ಚಿಲುಮೆ ಸಂಸ್ಥೆಯವರು ಬೆಂಗಳೂರಿನಲ್ಲಿ ಮತದಾರರ ಖಾಸಗಿ ಮಾಹಿತಿ ಸಂಗ್ರಹಿಸಿದರೆಂಬ ಆರೋಪ ಎದ್ದಾಗ ಎಷ್ಟು ಗದ್ದಲವಾಯಿತೆಂದು ನೆನಪಿಸಿಕೊಂಡರೆ ಸಾಕು.

ಇದೇ ಕಾರಣಕ್ಕೆ, ಚುನಾವಣಾ ಆಯೋಗ 2022ರಲ್ಲಿ ಹಿಡಿದ ದಾರಿ ನನಗೆ ಸರಿಕಾಣುವುದಿಲ್ಲ. ಐನೂರಕ್ಕೂ ಹೆಚ್ಚು ನೌಕರರಿರುವ ಸಂಸ್ಥೆಗಳು ಒಬ್ಬ ನೋಡಲ್ ಅಧಿಕಾರಿಯನ್ನು ನೇಮಿಸಿ, ರಜೆ ತೆಗೆದುಕೊಂಡೂ ಮತ ಹಾಕದವರನ್ನು ಗುರುತಿಸಬೇಕು ಎಂದು ಅದು ಹೇಳಿತು. ಆ ವರ್ಷದ ಗುಜರಾತ್ ವಿಧಾನಸಭಾ ಚುನಾವಣೆಗೆ ಮುನ್ನ ಅಲ್ಲಿ ಸಾವಿರಕ್ಕೂ ಹೆಚ್ಚು ಕೈಗಾರಿಕಾ ಸಂಸ್ಥೆಗಳೊಂದಿಗೆ ಒಪ್ಪಂದಗಳಾದವು; ಮತ ಹಾಕದ ನೌಕರರ ಹೆಸರನ್ನು ವೆಬ್‌ಸೈಟಿನಲ್ಲೋ ನೋಟಿಸ್ ಬೋರ್ಡಿನಲ್ಲೋ ಹಾಕುವುದು ಅವುಗಳಲ್ಲಿ ಸೇರಿತ್ತು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮತ ಹಾಕುವುದನ್ನು ನಮ್ಮ ಕಾನೂನು ಕಡ್ಡಾಯ ಮಾಡಿಲ್ಲ. ಸ್ಥಳೀಯ ಸಂಸ್ಥೆಗಳಿಗೆ ಕಡ್ಡಾಯ ಮತದಾನ ತರಲು ಹೊರಟ ಗುಜರಾತಿನದೇ ಕಾಯ್ದೆಗೆ ಅಲ್ಲಿನ ಹೈಕೋರ್ಟ್ 2015ರಲ್ಲಿ ತಡೆ ಕೊಟ್ಟಿತ್ತು. ನೋಟಾ ಗುಂಡಿಗೆ ದಾರಿ ಮಾಡಿದ 2013ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಯಾರಿಗೂ ಮತ ಹಾಕದಿರುವ ನಿರ್ಧಾರಕ್ಕೂ ಗೋಪ್ಯತೆಯ ರಕ್ಷಣೆ ಬೇಕು ಎಂದಿದೆ. ಸರ್ಕಾರಕ್ಕೇ ಇಲ್ಲದ ಅಧಿಕಾರವನ್ನು ಸೂಪರ್‌ವೈಸರನ ಕೈಗೆ ಕೊಡುವುದು ಎಂಥ ನ್ಯಾಯ? ಅಲ್ಲದೆ, ಬೋರ್ಡಿನ ಮೇಲೆ ಹೆಸರು ಬೀಳುವುದು ಯಾರದೆಂದು ಯೋಚಿಸಿ. ರೆಸಾರ್ಟಿಗೆ ಹೋದ ಮ್ಯಾನೇಜರ್ ಜೊತೆಗೆ, ಪಟ್ಟಿಯಲ್ಲಿ ಹೆಸರು ಮಾಯವಾಗಿ ಮತಗಟ್ಟೆಯಿಂದ ವಾಪಸು ಬಂದವರೂ, ಊರಿಗೆ ಹೋಗಿಬರಲು ದುಡ್ಡಿಲ್ಲದವರೂ, ಮಗುವಿಗೆ ಜ್ವರ ಬಂದು ಮನೆಯಲ್ಲೇ ಉಳಿದ ತಾಯಿಯೂ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ರಜೆ ಕೊಟ್ಟ ಮೇಲೆ ಅದನ್ನು ಹೇಗೆ ಕಳೆದಿರಿ ಎಂದು ಕೇಳುವ ಹಕ್ಕು ಮಾಲೀಕರಿಗಿಲ್ಲ. ಮಸಿ ಹಚ್ಚಿದ ಬೆರಳಿನ ಫೋಟೊವನ್ನು ಆಫೀಸಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ ಎನ್ನುವ ಸಣ್ಣ ಒತ್ತಾಯವೂ ಇದೇ ಜಾತಿಯದು.

ರಜೆಯನ್ನೇ ಕೊಡಲಾಗದ ಕೆಲಸಗಳೂ ಇವೆ. ಕೆಲಸಗಾರ ಇಲ್ಲದಿದ್ದರೆ ಅಪಾಯವೋ ಭಾರಿ ನಷ್ಟವೋ ಆಗುವಂತಿದ್ದರೆ 135ಬಿ ಅನ್ವಯಿಸುವುದಿಲ್ಲ. ಆಸ್ಪತ್ರೆ, ವಿದ್ಯುತ್ ಸ್ಥಾವರ, ಆರಿಸಲಾಗದ ಕುಲುಮೆ, ಇಂಥವಕ್ಕಾಗಿ ಇಟ್ಟ ಸಂದು ಅದು. ಮಾಲೀಕರ ಅನುಕೂಲಕ್ಕೆ ತಕ್ಕಂತೆ ಹಿಗ್ಗುವ ಸಂದೂ ಹೌದು. ಆಯೋಗ ಅಧಿಸೂಚಿಸಿದ ಅಗತ್ಯ ಸೇವೆಗಳವರಿಗೆ ನಮೂನೆ 12-ಡಿ ತುಂಬಿ ಅಂಚೆ ಮತ ಹಾಕುವ ದಾರಿ ಇದೆ, ಅದಕ್ಕೆ ಸಂಸ್ಥೆಯ ನೋಡಲ್ ಅಧಿಕಾರಿಯ ದೃಢೀಕರಣ ಬೇಕು, ಚುನಾವಣಾ ಅಧಿಸೂಚನೆ ಹೊರಬಿದ್ದ ಐದು ದಿನದೊಳಗೆ ಅರ್ಜಿ ಹೋಗಬೇಕು. ನೋಡಲ್ ಅಧಿಕಾರಿ ಎಂಬವರು ಯಾರಾದರೂ ಬೇಕಿದ್ದರೆ ಈ ಕೆಲಸಕ್ಕೆ ಬೇಕು. ಉಳಿದವರಿಗೆ ಪಾಳಿಯ ಹೊಂದಾಣಿಕೆ ಸಾಕು. ಮತದಾನ ಸಾಮಾನ್ಯವಾಗಿ ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ನಡೆಯುತ್ತದೆ. ಎಂಟು ಗಂಟೆಯ ಪಾಳಿಯವರಿಗೆ ಹೇಗಾದರೂ ಮೂರು ಗಂಟೆ ಉಳಿಯುತ್ತದೆ. ಹಗಲಿನ ಹನ್ನೆರಡು ಗಂಟೆಯ ಪಾಳಿಯ ಸೆಕ್ಯುರಿಟಿ ಗಾರ್ಡಿಗೆ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಅಪಾರ್ಟ್‌ಮೆಂಟಿನವರು ರಜೆಯ ದಿನ ಕುಟುಂಬಸಮೇತ ಮತ ಹಾಕಿ ಬರುವಾಗ ಗೇಟು ತೆಗೆಯುವವರು ಮತ ಹಾಕಿದ್ದಾರೆಯೇ ಎಂಬುದು ಯಾರ ಲೆಕ್ಕದಲ್ಲೂ ಬರುವುದಿಲ್ಲ, ಏಕೆಂದರೆ ಅವರ ಮಾಲೀಕ ಏಜೆನ್ಸಿಯೋ ನಿವಾಸಿಗಳ ಸಂಘವೋ ಎಂಬುದೇ ತೀರ್ಮಾನವಾಗಿಲ್ಲ. ಮನೆಗೆಲಸದವರಿಗೆ ನಾವೇ ಮಾಲೀಕರು. ಊಟ ತಲುಪಿಸುವ ಹುಡುಗರಿಗಂತೂ ಆ್ಯಪ್ ತನ್ನನ್ನು ಮಾಲೀಕ ಎಂದು ಒಪ್ಪುವುದೇ ಇಲ್ಲ; ಆ ದಿನ ಆರ್ಡರು ಹೆಚ್ಚಿರುವುದರಿಂದ ಸಾಲಿನಲ್ಲಿ ನಿಂತ ಪ್ರತಿ ಗಂಟೆಯೂ ಅವರ ಜೇಬಿನದು. ಕನಿಷ್ಠ ಆ ದಿನ ಲಾಗಿನ್ ತಪ್ಪಿದ್ದಕ್ಕೆ ಇನ್ಸೆಂಟಿವ್ ಕಡಿಯುವುದಿಲ್ಲ ಎಂದಾದರೂ ಕಂಪನಿಗಳು ಹೇಳಬಹುದು.

ರಾಜ್ಯದ ಕಾರ್ಮಿಕ ಇಲಾಖೆ ಮಾಡಬಹುದಾದದ್ದು ಇದಕ್ಕಿಂತ ಸರಳ. ಕರ್ನಾಟಕ ಇನ್ನೊಮ್ಮೆ ಎರಡು ಹಂತದಲ್ಲಿ ಮತ ಹಾಕುವುದಾದರೆ, ರಜೆಯ ಆದೇಶದಲ್ಲಿ ‘ಕೆಲಸಗಾರರ ಹೆಸರು ಇರುವ ಕ್ಷೇತ್ರದ ಮತದಾನದ ದಿನ’ ಎಂದು ಬಿಡಿಸಿ ಬರೆಯುವುದು. ಸರ್ಕಾರಿ ಕಾಮಗಾರಿಗಳ ಗುತ್ತಿಗೆ ಕರಾರಿನಲ್ಲಿ ಈ ರಜೆಯ ಕೂಲಿಯನ್ನು ಒಂದು ಷರತ್ತಾಗಿ ಸೇರಿಸುವುದು. ಇಲಾಖೆಗಳೇ ರಸ್ತೆ, ಸೇತುವೆ, ಮೆಟ್ರೊಗಳ ದೊಡ್ಡ ಕೆಲಸಕೊಡುಗರಾಗಿರುವಾಗ ಇದಕ್ಕೆ ಸಂಸತ್ತಿನ ತಿದ್ದುಪಡಿ ಕಾಯಬೇಕಿಲ್ಲ. 135ಬಿ ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಹೆಸರಿಸುವುದಿಲ್ಲ ಎಂಬುದನ್ನೂ ಇಲಾಖೆ ಗಮನದಲ್ಲಿಡಬೇಕು. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋದ ಊರಿದು. ಸ್ಥಳೀಯ ಸಂಸ್ಥೆಗಳ ಮತದಾನಕ್ಕೂ ಇದೇ ರಜೆ, ಇದೇ ಷರತ್ತು ಬೇಕು. ವಿಧಾನಸಭೆಗೆ ಮುಂದಿನ ಚುನಾವಣೆ 2028ರಲ್ಲಿ ಬರಬೇಕು. ಆ ವರ್ಷದ ರಜಾಪಟ್ಟಿ ಅಚ್ಚು ಹಾಕಿಸುವ ಹೊತ್ತಿಗೆ ಕಂಪನಿಗಳಿಗೆ ಮತದಾನದ ದಿನಾಂಕ ಗೊತ್ತಿರಲಿಕ್ಕಿಲ್ಲ, ಆದರೆ ಪಟ್ಟಿಗೆ ಹೆಸರು ಸೇರಿಸುವ ನಾಲ್ಕು ಅರ್ಹತಾ ದಿನಾಂಕಗಳು ಈಗಲೇ ಗೊತ್ತಿವೆ.